ಹತ್ತು ಕೋಟಿ ಹಾಡುಗಳ ಬಡತನ

ಈಚೆಗೆ ಯಾವ ಸಂಗೀತ ಸಮಾರಂಭಕ್ಕೆ ಹೋದರೂ ವೇದಿಕೆಯಿಂದ ಒಂದು ಮಾತು ತಪ್ಪದೆ ಉದುರುತ್ತದೆ: ‘ಈಗಿನ ಮಕ್ಕಳು ಪುಣ್ಯವಂತರು. ಜಗತ್ತಿನ ಸಂಗೀತವೆಲ್ಲ ಅವರ ಜೇಬಿನಲ್ಲಿದೆ. ನಮ್ಮ ಹಾಗೆ ನಡುರಾತ್ರಿ ಕಂಬಳಿಯೊಳಗೆ ಟ್ರಾನ್ಸಿಸ್ಟರ್ ಇಟ್ಟುಕೊಂಡು ಗೊರಗೊರ ಸದ್ದಿನ ನಡುವೆ ಹಾಡು ಹೆಕ್ಕುವ ಪಾಡು ಅವರಿಗಿಲ್ಲ.’ ಸಭೆ ತಲೆದೂಗುತ್ತದೆ. ಮುಂದಿನ ಸಾಲಿನ ಹಿರಿಯರು ಮುಗುಳ್ನಗುತ್ತಾರೆ. ಇಲ್ಲ ಸ್ವಾಮಿ, ಏನೋ ಕಳೆದುಕೊಂಡಿದ್ದೇವೆ ಎಂದು ಯಾರಾದರೂ ಗೊಣಗಿದರೆ ಅವರ ಬಾಯಿ ಮುಚ್ಚಿಸಲು ಒಂದೇ ಪದ ಸಾಕು: ಹಳಹಳಿಕೆ.

ಬರೀ ತಪ್ಪು ತಿಳಿವಳಿಕೆಯಾಗಿದ್ದರೆ ಇದನ್ನು ಸಹಿಸಿಕೊಳ್ಳಬಹುದಿತ್ತು. ಆದರೆ ಈ ಮಾತಿನ ಮರೆಯಲ್ಲೇ ಮಧ್ಯಮ ತರಂಗದ ಟ್ರಾನ್ಸ್‌ಮಿಟರುಗಳು ಒಂದೊಂದಾಗಿ ಆರಿಹೋದವು. ಇದರ ಮರೆಯಲ್ಲೇ ರಾತ್ರಿಯ ಕಾರ್ಯಕ್ರಮಗಳು ಸವೆದವು, ಎಫ್‌ಎಂ ಕೇಂದ್ರಗಳು ಅವೇ ಹಾಡುಗಳನ್ನು ತಿರುವಿ ಹಾಕುವ ಗಾಣಗಳಾದವು. ಯಾರೂ ತಕರಾರು ತೆಗೆಯಲಿಲ್ಲ. ಹೇಗೆ ತೆಗೆದಾರು? ಜಗತ್ತಿನ ಸಂಗೀತವೆಲ್ಲ ಜೇಬಿನಲ್ಲಿದೆಯಲ್ಲ! ಹದಿನಾರು ಹದಿನೇಳರ ಮಕ್ಕಳ ಕಿವಿಗೆ ಅಪರಿಚಿತ ಸಂಗೀತ ಬೀಳುವ ಒಂದು ದಾರಿಯನ್ನು ಕೈಯಾರೆ ಮುಚ್ಚಿ, ಅದೇ ಮಕ್ಕಳಿಗೆ ಅಭಿನಂದನೆಯನ್ನೂ ಹೇಳುತ್ತಿದ್ದೇವೆ.

ರಾತ್ರಿಯ ರೇಡಿಯೊ ಎಂದರೆ ಏನಾಗಿತ್ತು ಎಂಬುದನ್ನು ಮೊದಲು ಸರಿಯಾಗಿ ಹೇಳಬೇಕು. ಪುಣ್ಯವಂತರ ಪಕ್ಷದವರು ಅದನ್ನು ಕಂಬಳಿ ಮತ್ತು ಟ್ರಾನ್ಸಿಸ್ಟರಿನ ತಮಾಷೆಯ ಮಟ್ಟಕ್ಕೆ ಇಳಿಸಿಬಿಟ್ಟಿದ್ದಾರೆ. ಹಗಲಿನಲ್ಲಿ ಮಧ್ಯಮ ತರಂಗ ನೆಲ ಹಿಡಿದು ಸಾಗುತ್ತದೆ. ಆಕಾಶಕ್ಕೇರಿದ ಅಲೆಯನ್ನು ಅಯಾನುಗೋಳದ ಕೆಳಪದರ ನುಂಗಿಬಿಡುತ್ತದೆ. ಹೊತ್ತು ಮುಳುಗಿದ ಮೇಲೆ ಆ ಕೆಳಪದರ ಇಲ್ಲವಾಗುತ್ತದೆ, ಅಲೆ ಇನ್ನೂ ಮೇಲಕ್ಕೆ ಹೋಗಿ ತಾಗಿ ನೂರಾರು ಮೈಲಿ ಆಚೆ ನೆಲಕ್ಕಿಳಿಯುತ್ತದೆ. ಹಗಲು ಧಾರವಾಡದ 765, ಭದ್ರಾವತಿಯ 675 ಕಿಲೋಹರ್ಟ್ಸ್ ಬಿಟ್ಟರೆ ಬೇರೇನನ್ನೂ ನೆಟ್ಟಗೆ ಹಿಡಿಯದ ಮಲೆನಾಡಿನ ಪೆಟ್ಟಿಗೆಯೊಳಗೆ ರಾತ್ರಿ ಹತ್ತರ ಮೇಲೆ ಮದರಾಸು, ಹೈದರಾಬಾದು, ಮುಂಬಯಿ, ಕೊಲಂಬೊ ಒಂದರ ಮೈಮೇಲೊಂದು ಬಂದು ಬೀಳುತ್ತಿದ್ದದ್ದು ಇದರಿಂದ. ಮುಳ್ಳನ್ನು ಕೂದಲೆಳೆಯಷ್ಟು ಸರಿಸಿದರೆ ಭಾಷೆ ಬದಲು, ತಾಳ ಬದಲು. ಹೆಸರು ಗೊತ್ತಿಲ್ಲದ ಊರಿನಿಂದ, ಹೆಸರು ಗೊತ್ತಿಲ್ಲದ ವಾದ್ಯ. ಕತ್ತಲಾದ ಮೇಲೆ ಜಗತ್ತು ದೊಡ್ಡದಾಗುತ್ತಿತ್ತು, ಅದೂ ಚಂದಾ ಕಟ್ಟದೆ. ನಾಲ್ಕು ಸೆಲ್ಲು ಬೇಕಿತ್ತು, ಅಷ್ಟೆ. ಅವು ಸೋತರೆ ಬಿಸಿಲಿಗಿಟ್ಟು ಇನ್ನೆರಡು ರಾತ್ರಿ ದುಡಿಸಿಕೊಳ್ಳುವ ವಿದ್ಯೆ ಎಲ್ಲ ಮನೆಗಳಲ್ಲೂ ಇತ್ತು.

ಶಿರಸಿ ಸೀಮೆಯ ಹುಡುಗನಾದ ನನಗೆ ಗೊತ್ತಿದ್ದ ಸಂಗೀತವೆಂದರೆ ಯಕ್ಷಗಾನದ ಭಾಗವತಿಕೆ ಮತ್ತು ಮದುವೆ ಮನೆಯ ಮೈಕಿನ ಸಿನಿಮಾ ಹಾಡು. 1952ರಲ್ಲಿ ಶುರುವಾದ ಆಕಾಶವಾಣಿಯ ರಾಷ್ಟ್ರೀಯ ಸಂಗೀತ ಕಾರ್ಯಕ್ರಮ ಆಗ ಶನಿವಾರ ರಾತ್ರಿ ಒಂಬತ್ತೂವರೆಗೆ ಬರುತ್ತಿತ್ತು. ಒಂದು ಶನಿವಾರ ಅದರಲ್ಲಿ ರುದ್ರವೀಣೆ. ನನಗದು ವಾದ್ಯವೆಂದೇ ತಿಳಿಯಲಿಲ್ಲ. ಸೆಲ್ಲು ಮುಗಿಯುತ್ತಿದೆ ಎಂದುಕೊಂಡು ಪೆಟ್ಟಿಗೆಯ ಬೆನ್ನಿಗೆ ಎರಡೇಟು ಹಾಕಿದೆ. ಒಂದು ಸ್ವರ ಹುಟ್ಟಿ, ಬಾಗಿ, ಸಾಯಲಿಕ್ಕೇ ಅಷ್ಟು ಹೊತ್ತು ತೆಗೆದುಕೊಳ್ಳುವ ಸಂಗೀತವನ್ನು ಅದುವರೆಗೆ ಕೇಳಿದವನೇ? ಧಾರವಾಡ ಬಿಟ್ಟು ಭದ್ರಾವತಿಗೆ ಓಡಿದರೆ ಅಲ್ಲೂ ಅದೇ. ಎಲ್ಲ ಕೇಂದ್ರಗಳೂ ಒಟ್ಟಿಗೆ ಅದನ್ನೇ ಮರುಪ್ರಸಾರ ಮಾಡುತ್ತಿದ್ದವು. ಆ ರಾತ್ರಿ ಕೊಲಂಬೊ ಬೇರೆ ಹಿಡಿಯಲಿಲ್ಲ. ಬೇರೆ ದಾರಿ ಕಾಣದೆ ಕೇಳಿದೆ. ಆಲಾಪ ಮುಗಿದು ಜೋಡಿಗೆ ಬರುವ ಹೊತ್ತಿಗೆ ನಿದ್ದೆ ಹಾರಿಹೋಗಿತ್ತು. ನುಡಿಸಿದವರು ಡಾಗರ್ ಮನೆತನದವರೆಂದು ಕೊನೆಯಲ್ಲಿ ಉದ್ಘೋಷಕರು ಹೇಳಿದಾಗ ಆ ಹೆಸರನ್ನು ಗಣಿತದ ನೋಟುಪುಸ್ತಕದ ಹಿಂದೆ ಬರೆದುಕೊಂಡೆ, ಕಾಗುಣಿತ ತಪ್ಪಾಗಿ.

ಈಗ ಪುಣ್ಯವಂತರ ಪಕ್ಷವನ್ನು ಕೇಳುತ್ತೇನೆ: ನಿಮ್ಮ ಜೇಬಿನ ಯಂತ್ರದಲ್ಲಿ ಆ ಹುಡುಗನಿಗೆ ರುದ್ರವೀಣೆ ಸಿಗುವ ದಾರಿ ಯಾವುದು? ‘ಹುಡುಕಿದರೆ ಸಿಗುತ್ತದಲ್ಲ’ ಎನ್ನುತ್ತೀರಿ. ಏನೆಂದು ಹುಡುಕಬೇಕು? ಇದೆಯೆಂದೇ ಗೊತ್ತಿಲ್ಲದ್ದರ ಹೆಸರನ್ನು ಯಾವ ಹುಡುಗ ಟೈಪು ಮಾಡಿಯಾನು? ಗದಗಿನ ಬಾಲಕ ಭೀಮಸೇನ ಜೋಶಿ ಅಂಗಡಿಯೊಂದರಲ್ಲಿ ಅಬ್ದುಲ್ ಕರೀಮ್ ಖಾನರ ಗ್ರಾಮಫೋನ್ ತಟ್ಟೆ ಕೇಳಿ ಮರುಳಾಗಿ, 1933ರಲ್ಲಿ ಮನೆ ಬಿಟ್ಟು ಗುರುವನ್ನು ಅರಸಿ ಹೊರಟ ಕತೆ ಕನ್ನಡನಾಡಿನಲ್ಲಿ ಯಾರಿಗೆ ಗೊತ್ತಿಲ್ಲ? ಆ ಅಂಗಡಿಯವನು ಹುಡುಗನ ಹಿಂದಿನ ತಿಂಗಳ ಅಭಿರುಚಿಯನ್ನು ಅಳೆದು ತಟ್ಟೆ ಹಾಕಿದನೆ? ಧಾರವಾಡದ ಬಾಲಕಿ ಗಂಗೂಬಾಯಿ ಬೀದಿಯಲ್ಲಿ ಗ್ರಾಮಫೋನ್ ಸದ್ದು ಕೇಳಿದೊಡನೆ ಓಡಿಹೋಗಿ ನಿಲ್ಲುತ್ತಿದ್ದರು. ಅವರಿಗಾಗಿ ಅದನ್ನು ಯಾರು ಆರಿಸಿಟ್ಟಿದ್ದರು? ಕೇಳದೆ ಬಂದದ್ದು ಅವರನ್ನು ಹಿಡಿಯಿತು. ರಾತ್ರಿಯ ರೇಡಿಯೊ ಅದೇ ಸಾಧ್ಯತೆಯನ್ನು ಲಕ್ಷಾಂತರ ಮನೆಗಳಿಗೆ ಹಂಚಿತು.

ಆ್ಯಪುಗಳು ಮಾಡುವುದು ತದ್ವಿರುದ್ಧ ಕೆಲಸ. ನಿನ್ನೆ ಹುಳಿಯನ್ನು ಎರಡು ಸಲ ಬಡಿಸಿಕೊಂಡಿರಿ ಎಂದು ಇಂದೂ ಹುಳಿ, ನಾಳೆಯೂ ಹುಳಿ, ನಾಡಿದ್ದು ಬೇಸರವಾದೀತೆಂದು ಅದೇ ಹುಳಿಗೆ ಬೇರೆ ಒಗ್ಗರಣೆ. ಇದಕ್ಕೆ ಇವರು ಕೊಟ್ಟಿರುವ ಹೆಸರು ‘ಹೊಸ ಸಂಗೀತದ ಶೋಧ’! ನಿಮ್ಮಂಥವರು ಏನು ಕೇಳಿದರೋ ಅದನ್ನು ನಿಮಗೂ, ನೀವು ಏನು ಕೇಳಿದಿರೋ ಅದನ್ನು ನಿಮ್ಮಂಥವರಿಗೂ ಕೊಡುವ ಲೆಕ್ಕಾಚಾರದಲ್ಲಿ ನಿಮ್ಮಂಥವರಲ್ಲದವರು ಎಲ್ಲಿಂದ ಬರಬೇಕು? ಹದಿನಾರನೇ ವಯಸ್ಸಿನಲ್ಲಿ ಒಬ್ಬನ ರುಚಿ ಇನ್ನೂ ರೂಪುಗೊಂಡಿರುವುದಿಲ್ಲ. ಆಗಲೇ ಅದನ್ನು ಅಳೆದು, ಅಚ್ಚು ಹೊಯ್ದು, ಅದರೊಳಗೇ ಅವನನ್ನು ಕೂರಿಸುವುದನ್ನು ಸ್ವಾತಂತ್ರ್ಯವೆನ್ನಲು ಎಷ್ಟು ಧೈರ್ಯ ಬೇಕು!

ಇನ್ನು ದುಡ್ಡಿನ ಲೆಕ್ಕ ನೋಡಿ. ತನ್ನ ಬಳಿ 10 ಕೋಟಿಗೂ ಮಿಕ್ಕಿದ ಹಾಡುಗಳಿವೆ ಎಂದು ಸ್ಪಾಟಿಫೈ ಹೇಳಿಕೊಳ್ಳುತ್ತದೆ. ಅಲ್ಲಿ ಒಂದು ಹಾಡನ್ನು ಕೇಳಿದಂತೆ ಲೆಕ್ಕಕ್ಕೆ ಬರಬೇಕಾದರೆ 30 ಸೆಕೆಂಡಾದರೂ ಕೇಳಿರಬೇಕು. ವಿಲಂಬಿತ ಖಯಾಲಿನ ಮೊದಲ 30 ಸೆಕೆಂಡಿನಲ್ಲಿ ಏನಿರುತ್ತದೆ ಸ್ವಾಮಿ? ತಂಬೂರಿ ಇರುತ್ತದೆ, ಗಾಯಕರು ಗಂಟಲು ಸರಿಮಾಡಿಕೊಳ್ಳುತ್ತಿರುತ್ತಾರೆ. ಹೆಬ್ಬೆರಳು ಅಷ್ಟರಲ್ಲಿ ಮುಂದಿನ ಹಾಡಿಗೆ ಹಾರಿರುತ್ತದೆ. 2024ರಿಂದ ಇನ್ನೊಂದು ನಿಯಮ: ಹನ್ನೆರಡು ತಿಂಗಳಲ್ಲಿ 1000 ಸಲ ಕೇಳಿಸಿಕೊಳ್ಳದ ಹಾಡಿಗೆ ಧ್ವನಿಮುದ್ರಣದ ಸಂಭಾವನೆ ಇಲ್ಲ. ಅಂದರೆ ಕಿನ್ನರಿ ಜೋಗಿಯ ಪದ, ಬಳ್ಳಾರಿ ಸೀಮೆಯ ಚೌಡಿಕೆ ಪದ, ಯಾವುದೋ ಮಠದ ಜಗಲಿಯಲ್ಲಿ ಮುದ್ರಿಸಿದ ತತ್ವಪದ ಅಲ್ಲಿ ಇರಬಹುದು, ಆದರೆ ಬಿಟ್ಟಿ ದುಡಿಯಬೇಕು. ‘ಡಿಸ್ಕವರಿ ಮೋಡ್’ ಎಂಬ ಇನ್ನೊಂದು ಏರ್ಪಾಡಿದೆ. ತನ್ನ ಹಾಡಿನ ಸಂಭಾವನೆಯಲ್ಲಿ ಒಂದು ಪಾಲನ್ನು ಬಿಟ್ಟುಕೊಡಲು ಒಪ್ಪಿದವನ ಹಾಡನ್ನು ಯಂತ್ರ ಹೆಚ್ಚು ಕಿವಿಗಳಿಗೆ ತಲುಪಿಸಲು ನೋಡುತ್ತದೆ. ಹಿಂದೆ ರೇಡಿಯೊದವರಿಗೆ ಗುಟ್ಟಾಗಿ ದುಡ್ಡು ಕೊಟ್ಟು ಹಾಡು ಹಾಕಿಸಿದರೆ ಅಮೆರಿಕದಲ್ಲಿ ಅದು ಹಗರಣವಾಗುತ್ತಿತ್ತು. ಈಗ ಅದು ಬಹಿರಂಗ ಸೌಲಭ್ಯ.

ಇಲ್ಲಿಗೆ ಬಂದಾಗ ಆಚೆ ಪಕ್ಷದವರು ತಮ್ಮ ದೊಡ್ಡ ಅಸ್ತ್ರ ತೆಗೆಯುತ್ತಾರೆ: ‘ರೇಡಿಯೊ ಏನು ಕಡಿಮೆಯೆ? ಅಲ್ಲೂ ಬಾಗಿಲು ಕಾಯುವವರಿದ್ದರಲ್ಲ?’ ಇದ್ದರು, ಭೂಪರೇ ಇದ್ದರು. 1940ರಲ್ಲಿ ಹಾರ್ಮೋನಿಯಂ ನಿಷೇಧಿಸಿ, ಮೂರು ದಶಕ ಕಳೆದು 1971ರಲ್ಲಿ ಅದನ್ನು ಪಕ್ಕವಾದ್ಯವಾಗಿ ಒಳಗೆ ಬಿಟ್ಟುಕೊಂಡ ಸಂಸ್ಥೆ ಅದು. 1952ರಲ್ಲಿ ವಾರ್ತಾ ಮಂತ್ರಿಯಾಗಿ ಬಂದ ಬಿ. ವಿ. ಕೇಸ್ಕರ್ ಸಿನಿಮಾ ಹಾಡು ಕೇಳಿದರೆ ದೇಶ ಕೆಡುತ್ತದೆಂದು ಅದನ್ನು ಆಕಾಶವಾಣಿಯಿಂದ ಹೆಚ್ಚುಕಡಿಮೆ ಓಡಿಸಿದರು. ಆಮೇಲೆ ಏನಾಯಿತು? ದೇಶಕ್ಕೆ ದೇಶವೇ ಮುಳ್ಳು ತಿರುಗಿಸಿತು. ಯುದ್ಧಕಾಲದಲ್ಲಿ ಸೈನಿಕರಿಗಾಗಿ ನೆಟ್ಟ ದೊಡ್ಡ ಶಾರ್ಟ್‌ವೇವ್ ಟ್ರಾನ್ಸ್‌ಮಿಟರ್ ಕೊಲಂಬೊದಲ್ಲಿತ್ತು. ಅಲ್ಲಿನ ರೇಡಿಯೊ ಸಿಲೋನ್ 1952ರಲ್ಲೇ ಬಿನಾಕಾ ಗೀತಮಾಲಾ ಶುರುಮಾಡಿತು, ಅಮೀನ್ ಸಯಾನಿಯವರ ದನಿ ಬುಧವಾರ ಬುಧವಾರ ಮನೆಮನೆಗೆ ನುಗ್ಗಿತು. ಐದು ವರ್ಷದೊಳಗೆ ಸರಕಾರ ಸೋತು 1957ರ ಅಕ್ಟೋಬರ್ 3ರಂದು ವಿವಿಧ ಭಾರತಿಯನ್ನು ಆರಂಭಿಸಬೇಕಾಯಿತು. ಒಬ್ಬ ಮಂತ್ರಿಯ ಹಟವನ್ನು ಕೇಳುಗರು ಬೆರಳಿನಿಂದ ಮಣಿಸಿದ ಕತೆ ಇದು. ಕೇಸ್ಕರರ ಹೆಸರಿತ್ತು, ಹುದ್ದೆಯಿತ್ತು, ಅವರನ್ನು ಬೈಯಬಹುದಿತ್ತು, ಅವರನ್ನು ದಾಟಿ ಕೊಲಂಬೊಗೆ ಹೋಗಬಹುದಿತ್ತು. ಇಂದಿನ ಬಾಗಿಲು ಕಾಯುವವನ ಹೆಸರು ಹೇಳಿ ನೋಡೋಣ. ಅವನು ನಿಮಗೆ ಯಾವುದನ್ನು ತೋರಿಸಲಿಲ್ಲ ಎಂಬುದಾದರೂ ನಿಮಗೆ ಗೊತ್ತೆ?

ನಡುರಾತ್ರಿಯ ರೇಡಿಯೊವನ್ನು ನಡೆಸಿದ್ದು ಮನುಷ್ಯರ ಹಟಮಾರಿ ಪ್ರೀತಿ. ವಿಲಿಸ್ ಕಾನೋವರ್ ಎಂಬ ಅಮೆರಿಕದ ಉದ್ಘೋಷಕ 1955ರಿಂದ ಸಾಯುವವರೆಗೆ, ಅಂದರೆ 1996ರವರೆಗೆ, ವಾಯ್ಸ್ ಆಫ್ ಅಮೆರಿಕದ ಶಾರ್ಟ್‌ವೇವ್‌ನಲ್ಲಿ ಜಾಝ್ ಕೇಳಿಸಿದ. ಇಂಗ್ಲಿಷ್ ಬಾರದವರಿಗೂ ತಿಳಿಯಲೆಂದು ಪದಗಳನ್ನು ನಿಧಾನಕ್ಕೆ ಬಿಡಿಸಿ ಆಡುತ್ತಿದ್ದ. ಮಾಸ್ಕೋ, ವಾರ್ಸಾದ ಹುಡುಗರು ಜಾಝ್ ಕಲಿತದ್ದು ಆ ದನಿಯಿಂದ. ಆ ಪ್ರಸಾರ ದೇಶದೊಳಗೆ ಸಲ್ಲದೆಂಬ ಕಾನೂನಿದ್ದದ್ದರಿಂದ ಅವನ ಸ್ವಂತ ಊರಿನಲ್ಲಿ ಅವನನ್ನು ಬಲ್ಲವರೇ ಕಡಿಮೆ. ಬಿಬಿಸಿಯ ಜಾನ್ ಪೀಲ್ 1967ರಿಂದ 2004ರವರೆಗೆ ರೇಡಿಯೊ ಒನ್‌ನಲ್ಲಿ ಯಾರೂ ಕೇಳಿರದ ತಂಡಗಳ ಹಾಡು ಹಾಕಿದ. ಕೆಲವೊಮ್ಮೆ ತಟ್ಟೆಯನ್ನು ತಪ್ಪು ವೇಗದಲ್ಲಿ ಓಡಿಸಿದ. 1978ರಲ್ಲಿ ಉತ್ತರ ಐರ್ಲೆಂಡಿನ ಡೆರಿಯ ಹುಡುಗರ ಒಂದು ಹಾಡನ್ನು, ಮುಗಿದೊಡನೆ ತಡೆಯಲಾರದೆ ಮತ್ತೊಮ್ಮೆ ಹಾಕಿದ. ಯಾವ ಲೆಕ್ಕಾಚಾರ ಅದಕ್ಕೆ ಒಪ್ಪಿಗೆ ಕೊಟ್ಟೀತು? ನಮ್ಮಲ್ಲೇ ನೋಡಿ. ವಿವಿಧ ಭಾರತಿಯ ಛಾಯಾಗೀತ್‌ನಲ್ಲಿ ರಾತ್ರಿ ಹತ್ತಕ್ಕೆ ಉದ್ಘೋಷಕರು ತಾವೇ ಆರಿಸಿದ ಹಾಡುಗಳನ್ನು ತಮ್ಮದೇ ಮಾತಿನಲ್ಲಿ ಪೋಣಿಸುತ್ತಾರೆ. ಹಾಡಿದವರು, ಬರೆದವರು, ಸಂಗೀತ ಕೊಟ್ಟವರು ಎಂದು ಒಬ್ಬೊಬ್ಬರ ಹೆಸರೂ ದನಿಯಲ್ಲಿ ಬರುತ್ತದೆ. ಧಾರವಾಡ ಕೇಂದ್ರಕ್ಕೆ ಸಂಗೀತ ಸಲಹೆಗಾರರಾಗಿದ್ದವರು ಅಪರೂಪದ ರಾಗಗಳ ಭಂಡಾರವೇ ಆಗಿದ್ದ ಮಲ್ಲಿಕಾರ್ಜುನ ಮನ್ಸೂರರು. ಇವತ್ತಿನ ಮಗುವಿಗೆ ಸಲಹೆ ಕೊಡುವವರು ಯಾರು?

ಇನ್ನೊಂದು ಆರೋಪ ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು, ಯಾರೂ ಎತ್ತದೆ ಬಿಟ್ಟಿರುವುದು. ರೇಡಿಯೊಗೆ ಕೇಳುವವರು ಯಾರೆಂದು ಗೊತ್ತಿರಲಿಲ್ಲ. ಸಂಗೀತ ಕಚೇರಿಗೆ ಹೋಗಲು ಅನುಮತಿಯಿಲ್ಲದ ಹುಡುಗಿ, ‘ನಮ್ಮವರು ಕೇಳುವ ಹಾಡು’ ಮತ್ತು ‘ಅವರು ಕೇಳುವ ಹಾಡು’ ಎಂದು ಗೆರೆ ಎಳೆದ ಮನೆಯ ಹುಡುಗ, ಎಲ್ಲರೂ ಮಲಗಿದ ಮೇಲೆ ದನಿ ತಗ್ಗಿಸಿ ಏನು ಬೇಕಾದರೂ ಕೇಳಬಹುದಿತ್ತು. ಅದು ಎಲ್ಲೂ ದಾಖಲಾಗುತ್ತಿರಲಿಲ್ಲ. ಗಜಲ್ ಕೇಳಿ ಅತ್ತದ್ದು ಯಾರಿಗೂ ತಿಳಿಯುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಬೇರೆಯೇ ಆಗಿ ಏಳಬಹುದಿತ್ತು. ಇವತ್ತಿನ ಹುಡುಗಿ ಯಾವ ಹಾಡನ್ನು ಎಷ್ಟನೇ ಸೆಕೆಂಡಿನಲ್ಲಿ ಬಿಟ್ಟಳು, ಯಾವುದನ್ನು ರಾತ್ರಿ ಎರಡಕ್ಕೆ ಮತ್ತೆ ಮತ್ತೆ ಕೇಳಿದಳು ಎಂಬುದೆಲ್ಲ ಬರೆದಿಟ್ಟುಕೊಂಡು ನಾಳೆ ಅವಳ ಮುಂದೆ ಅದನ್ನೇ ಒಡ್ಡಲಾಗುತ್ತದೆ. ಜಾಹೀರಾತಿನವನಿಗೂ ಅದರಲ್ಲಿ ಪಾಲು. ವರ್ಷದ ಕೊನೆಗೆ ಆ ಕಣ್ಗಾವಲಿನ ಪಟ್ಟಿಯನ್ನೇ ಬಣ್ಣದ ಚೀಟಿ ಮಾಡಿ ಕೊಟ್ಟರೆ ಮಕ್ಕಳು ಅದನ್ನು ಸ್ಟೇಟಸ್ಸಿಗೆ ಹಾಕಿಕೊಂಡು ಸಂಭ್ರಮಿಸುತ್ತಾರೆ. ಪುಣ್ಯವಂತರು!

ಇದಕ್ಕೆಲ್ಲ ಎಲ್ಲೋ ಸ್ವೀಡನ್ನಿನ ಕಂಪನಿಯನ್ನು ಬೈದು ಕೈತೊಳೆದುಕೊಳ್ಳುವಂತಿಲ್ಲ. ಖಾಸಗಿ ಎಫ್‌ಎಂ ಈ ದೇಶದಲ್ಲಿ ಮೊದಲು ಕಣ್ಣುಬಿಟ್ಟದ್ದೇ ಬೆಂಗಳೂರಿನಲ್ಲಿ, 2001ರಲ್ಲಿ. ಕನ್ನಡದ ಹೊಸ ದನಿಗಳಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಬೇಕಿತ್ತೆ? ಸಿಕ್ಕಿದ್ದೇನು? ಈ ತಿಂಗಳು ಬಿಡುಗಡೆಯಾಗುವ ಸಿನಿಮಾದ ಹಾಡು, ಹೋದ ತಿಂಗಳು ಬಿಡುಗಡೆಯಾದ ಸಿನಿಮಾದ ಹಾಡು, ನಡುವೆ ಚಿನ್ನದಂಗಡಿ. ರಾತ್ರಿಯಾದರೆ ಹಳೆಯ ಪ್ರೇಮಗೀತೆಗಳ ಅದೇ ಸರಮಾಲೆ. ಸಿನಿಮಾದ ಹೊರಗೆ ಹಾಡು ಕಟ್ಟುವ ಹುಡುಗರು ಕನ್ನಡದಲ್ಲಿ ಈಗ ಹಿಂದೆಂದಿಗಿಂತ ಹೆಚ್ಚಿದ್ದಾರೆ. ಅವರ ಹಾಡು ಕಾರಿನ ರೇಡಿಯೊದಲ್ಲಿ ಬಂದದ್ದನ್ನು ನೀವು ಕೇಳಿದ್ದೀರಾ?

ಸರಕಾರಿ ರೇಡಿಯೊ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ರಾತ್ರಿಯನ್ನೇ ಮುಚ್ಚಿತು. 1988ರಲ್ಲಿ ಶುರುವಾದ ಆಕಾಶವಾಣಿಯ ರಾಷ್ಟ್ರೀಯ ವಾಹಿನಿ ಹುಟ್ಟಿದ್ದೇ ರಾತ್ರಿಗಾಗಿ. ನಾಗಪುರದ 1000 ಕಿಲೋವ್ಯಾಟಿನ ಟ್ರಾನ್ಸ್‌ಮಿಟರಿನಿಂದ ಸಂಜೆ ಶುರುವಾಗಿ ಬೆಳಗಿನವರೆಗೆ ದೇಶದ ಉದ್ದಗಲಕ್ಕೂ ಕೇಳುತ್ತಿತ್ತು. ಲಾರಿ ಚಾಲಕರಿಗೆ, ಕಾವಲುಗಾರರಿಗೆ, ಪರೀಕ್ಷೆಗೆ ಓದುವ ಮಕ್ಕಳಿಗೆ ಜೊತೆಯಾಗಿದ್ದ ಅದನ್ನು 2019ರ ಆರಂಭದಲ್ಲಿ ಖರ್ಚು ಉಳಿಸುವ ಹೆಸರಿನಲ್ಲಿ ನಿಲ್ಲಿಸಲಾಯಿತು. ಐದು ಊರುಗಳ ತರಬೇತಿ ಕೇಂದ್ರಗಳನ್ನೂ ಅದರ ಜೊತೆಗೇ ಮುಚ್ಚಿದರು. ಮಧ್ಯಮ ತರಂಗ ಹಳತಾಯಿತು, ಎಫ್‌ಎಂ ಇದೆಯಲ್ಲ ಎಂಬ ಸಮಾಧಾನ ಬೇರೆ. ಎಫ್‌ಎಂ ಅಲೆ ಕತ್ತಲಾದರೂ ದೂರ ಹಾರುವುದಿಲ್ಲ; ಘಟ್ಟದ ಒಂದು ಗುಡ್ಡ ಅಡ್ಡ ಬಂದರೆ ಅಲ್ಲಿಗೇ ನಿಂತಿತು. ಮಧ್ಯಮ ತರಂಗವನ್ನು ಡಿಜಿಟಲ್ ಮಾಡುತ್ತೇವೆಂದು ಹತ್ತಾರು ಡಿಆರ್‌ಎಂ ಟ್ರಾನ್ಸ್‌ಮಿಟರುಗಳನ್ನು ಹಾಕಿದರು. ಅದನ್ನು ಹಿಡಿಯುವ ರೇಡಿಯೊ ನಿಮ್ಮೂರ ಅಂಗಡಿಯಲ್ಲಿ ಕೇಳಿ ನೋಡಿ, ಅಂಗಡಿಯವರು ನಿಮ್ಮನ್ನೇ ವಿಚಿತ್ರವಾಗಿ ನೋಡುತ್ತಾರೆ.

ಶಾಸ್ತ್ರೀಯ ಸಂಗೀತಕ್ಕೆ ಇಪ್ಪತ್ತನಾಲ್ಕು ಗಂಟೆಯ ‘ರಾಗಂ’ ವಾಹಿನಿ ಇದೆಯಲ್ಲ, 2016ರಿಂದ ಬೆಂಗಳೂರಿನಿಂದಲೇ ನಡೆಯುತ್ತಿದೆಯಲ್ಲ ಎನ್ನುವವರಿದ್ದಾರೆ. ಇದೆ, ಡಿಟಿಎಚ್‌ನಲ್ಲಿದೆ, ಫೋನಿನಲ್ಲಿದೆ. ಬೇಕೆಂದು ಹುಡುಕಿ ಹೋಗುವವರಿಗೆ ಇದೆ. ಅದು ಇರಲಿ, ನಾನೂ ಕೇಳುತ್ತೇನೆ. ಆದರೆ ಸಿನಿಮಾ ಹಾಡಿಗೆಂದು ಪೆಟ್ಟಿಗೆ ಹಚ್ಚಿದ ಹುಡುಗನ ಮೇಲೆ ಅಡ್ಡಬಿದ್ದು ಬರುವ ಶಕ್ತಿ ಅದಕ್ಕಿಲ್ಲ. ಸಂಗೀತವನ್ನು ಅದರ ಭಕ್ತರ ಕೋಣೆಗೆ ಸೇರಿಸಿ ಚಿಲಕ ಹಾಕಿದ ಹಾಗಾಯಿತು.

ಹಳಹಳಿಕೆಯೆಂದು ಹೀಗಳೆಯುವ ನನ್ನ ಓರಗೆಯವರಿಗೆ ಒಂದು ಮಾತು. ನಿಮಗೆ ಆ ರಾತ್ರಿಗಳು ದಕ್ಕಿದವು. ಯಾರದೋ ತೆರಿಗೆಯ ದುಡ್ಡಿನಲ್ಲಿ, ಯಾರೋ ಉದ್ಘೋಷಕರ ನಿದ್ದೆಗೆಟ್ಟ ದುಡಿಮೆಯಲ್ಲಿ ನಿಮ್ಮ ಕಿವಿ ತೆರೆಯಿತು. ಆ ಏಣಿ ಹತ್ತಿ ಮೇಲೆ ಬಂದು, ಈಗ ಅದನ್ನು ಎಳೆದುಕೊಂಡು, ಕೆಳಗಿರುವ ಮಕ್ಕಳಿಗೆ ‘ನಿಮಗೆ ಲಿಫ್ಟ್ ಇದೆ, ಅದೃಷ್ಟವಂತರು’ ಎನ್ನುತ್ತೀರಲ್ಲ, ಆ ಲಿಫ್ಟು ಎಲ್ಲಿಗೆ ಹೋಗುತ್ತದೆಂದು ಒಮ್ಮೆಯಾದರೂ ಹತ್ತಿ ನೋಡಿದ್ದೀರಾ?

ನಮಗೆ ಬೇಕಾದದ್ದು ಸ್ಮರಣ ಸಂಚಿಕೆಯಲ್ಲ. ಧಾರವಾಡ, ಭದ್ರಾವತಿ, ಮಂಗಳೂರು, ಮೈಸೂರು, ಕಲಬುರಗಿ, ಬೆಂಗಳೂರು ಕೇಂದ್ರಗಳಲ್ಲಿ ರಾತ್ರಿ ಹನ್ನೊಂದರಿಂದ ಒಂದರವರೆಗೆ ಜೀವಂತ ಪ್ರಸಾರ ಬೇಕು. ಏನು ಹಾಕಬೇಕೆಂಬುದು ಆ ರಾತ್ರಿಯ ಉದ್ಘೋಷಕರ ಆಯ್ಕೆಯಾಗಿರಬೇಕು. ಉಳಿದಿರುವ ಮಧ್ಯಮ ತರಂಗವನ್ನು ಕನಿಷ್ಠ ಕತ್ತಲಾದ ಮೇಲಾದರೂ ಉರಿಯಲು ಬಿಡಬೇಕು. ಧಾರವಾಡದ ಕಪಾಟುಗಳಲ್ಲಿ ಮನ್ಸೂರ, ಗಂಗೂಬಾಯಿ, ಬಸವರಾಜ ರಾಜಗುರುಗಳ ದನಿ ಇದೆ; ಅದು ಪುಣ್ಯತಿಥಿಯ ದಿನ ಮಾತ್ರ ಹೊರಬರುವ ಆಸ್ತಿಯಾಗಬಾರದು. ಖಾಸಗಿ ಎಫ್‌ಎಂ ಪರವಾನಗಿ ನವೀಕರಣಕ್ಕೆ ಬಂದಾಗ, ಸಿನಿಮಾದ ಹೊರಗಿನ ಕನ್ನಡ ಸಂಗೀತಕ್ಕೆ ರಾತ್ರಿ ಒಂದು ಗಂಟೆ ಎಂಬ ಷರತ್ತು ಹಾಕಿ. ಸಾರ್ವಜನಿಕರ ತರಂಗವನ್ನು ಬಳಸುವವರು ಅಷ್ಟು ಬಾಡಿಗೆ ಕೊಡಲಿ. ಮಂಗಳೂರಿನ ಸಾರಂಗ್, ಮಣಿಪಾಲದ ರೇಡಿಯೊದಂಥ ಸಮುದಾಯ ಬಾನುಲಿಗಳು ಕಾಲೇಜಿನ ಹುಡುಗ ಹುಡುಗಿಯರಿಗೆ ರಾತ್ರಿಯ ಹೊತ್ತನ್ನು ಬಿಟ್ಟುಕೊಡಲಿ. ಫೋನುಗಳಲ್ಲಿ ಎಫ್‌ಎಂ ಚಾಲೂ ಇಡಿ ಎಂದು ಕೇಂದ್ರ ಸರಕಾರ 2023ರಲ್ಲಿ ತಯಾರಕರಿಗೆ ಸಲಹೆ ಕೊಟ್ಟು ಸುಮ್ಮನಾಯಿತು. ಸಲಹೆ ಯಾರಿಗೆ ಬೇಕು? ಕಡ್ಡಾಯ ಮಾಡಿ.

ಆಕಾಶವಾಣಿಯವರೇ, ಜನರಿಲ್ಲ, ದುಡ್ಡಿಲ್ಲ ಎನ್ನಬೇಡಿ. ಡ್ಯೂಟಿಗಿಷ್ಟು ಎಂದು ಪುಡಿಗಾಸಿಗೆ ದುಡಿಯುವ ಅರೆಕಾಲಿಕ ಉದ್ಘೋಷಕಿಯರು ನಿಮ್ಮ ಎಲ್ಲ ಕೇಂದ್ರಗಳಲ್ಲೂ ಇದ್ದಾರೆ. ನಿಮಗಿಂತ ಹೆಚ್ಚು ಹಾಡು ಕೇಳಿದವರು, ನಿಮ್ಮ ಸಂಗ್ರಹದಲ್ಲಿ ಏನಿದೆಯೆಂದು ನಿಮಗಿಂತ ಚೆನ್ನಾಗಿ ಬಲ್ಲವರು. ಅವರಲ್ಲಿ ಒಬ್ಬಳ ಕೈಗೆ ರಾತ್ರಿ ಹನ್ನೊಂದರ ಸ್ಟುಡಿಯೊ ಕೊಡಿ, ಕೊಠಡಿಯ ಬಾಗಿಲು ಎಳೆದುಕೊಂಡು ಹೊರಗೆ ಹೋಗಿ, ಬೆಳಿಗ್ಗೆಯವರೆಗೆ ಅವಳಿಗೆ ಫೋನು ಮಾಡಬೇಡಿ. ಈ ಶನಿವಾರದಿಂದಲೇ.